ಅವರಿಗೆ ಇಟ್ಟ ಹೆಸರು ನನ್ನದು

ಮೊದಲಿಗೇ ಸಾಫ್ ಹೇಳಿಬಿಡುತ್ತೇನೆ. ಕುಡಿಯುತ್ತಿದ್ದವಳು ನಾನು. ನಮ್ಮ ಯಜಮಾನರು ಚಹಾ ಬಿಟ್ಟು ಇನ್ನೊಂದು ಮುಟ್ಟಿದವರಲ್ಲ. ಇದನ್ನು ಬರೆ ಅಂತ ನನಗೆ ಯಾರೂ ಹೇಳಿಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ. ಒತ್ತಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ, ಮಾತು ಮಾತ್ರ ತಿದ್ದಬೇಡಿರಿ.

ಪುಣೆಗೆ ಬಂದದ್ದು ಮದುವೆ ಮಾಡಿಕೊಂಡು. ಬೆಳಗಾವಿ ಕಡೆಯ ಬಸ್ಸು ಕಾತ್ರಜ ಘಾಟ ಇಳಿಯುವಾಗ ಕಿಟಕಿಯಿಂದ ವಾಂತಿ ಮಾಡಿಕೊಂಡೆ, ಊರು ನೋಡಿದ್ದು ಅದರ ನಂತರ. ಯಜಮಾನರು ಮಾರ್ಕೆಟ್ ಯಾರ್ಡಿನಲ್ಲಿ ನಮ್ಮ ಕಡೆಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಹತ್ತಿರ ತೂಕದ ಕೆಲಸಕ್ಕಿದ್ದರು. ಪೇಟೆಯೊಳಗಿನ ಹಳೇ ವಾಡೆಯಲ್ಲಿ ನಮ್ಮ ಮನೆ, ಎಲ್ಲ ಬಿಡಾರಗಳಿಗೂ ಸೇರಿ ಒಂದೇ ನಳ. ನಾನು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ನಮ್ಮ ಮಂದಿಯ ಖಾನಾವಳಿಗೆ ಕೊಡುತ್ತಿದ್ದೆ.

ಮಗಳು ಹುಟ್ಟಿದಾಗ ಥಂಡಿ ಹಿಡಿಯಿತು. ಅತ್ತೆ ಬಿಸಿನೀರಿಗೆ ಒಂದು ಚಮಚ ಬ್ರಾಂದಿ ಹಾಕಿ ಕೊಟ್ಟಳು. "ಬಾಣಂತಿ ಔಷಧ, ಕುಡಿ" ಅಂದಳು. ಅವಳು ಕೆಟ್ಟವಳಲ್ಲ. ಆಗ ಭಾಳ ಮನೆಗಳಲ್ಲಿ ಹಾಗೇ ಕೊಡುತ್ತಿದ್ದರು, ಕುಡಿದವರೆಲ್ಲ ನನ್ನ ಹಾಗೆ ಆಗಲಿಲ್ಲ. ನನಗೆ ಹತ್ತಿತು, ಅಷ್ಟೇ. ಬಾಣಂತನ ಮುಗಿಯಿತು, ಥಂಡಿ ಹೋಯಿತು, ಔಷಧ ಉಳಿಯಿತು. ಅತ್ತೆ ಸತ್ತಳು, ಆಗಲೂ ಉಳಿಯಿತು. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ. "ಔಷಧ ತೀರೇದ" ಅಂತ ಬೆಳಿಗ್ಗೆ ಹೇಳಿದರೆ ಸಂಜೆ ಯಜಮಾನರು ಕಾಯಿಪಲ್ಲೆ ಚೀಲದಲ್ಲಿ ಮೆಂತ್ಯದ ಸಿವುಡಿನ ಕೆಳಗೆ ಇಟ್ಟು ತರುತ್ತಿದ್ದರು. ಚಮಚ ಹೋಗಿ ವಾಟಗ ಬಂತು, ವಾಟಗ ಹೋಗಿ ಬಾಟಲಿಯೇ ಬಾಯಿಗೆ ಬಂತು. ಆಗಲೂ ಔಷಧವೇ.

ಯಾಕೆ ತಂದು ಕೊಟ್ಟೆ ಅಂತ ಮುಂದೆ ಭಾಳ ಮಂದಿ ಅವರನ್ನು ಬೈದರು. ಬೈದವರಿಗೆ ಇದು ಗೊತ್ತಿಲ್ಲ. ಒಂದು ಸಲ ಅವರು ತರಲಿಲ್ಲ. ಖಾಲಿ ಚೀಲ ತಂದು ಗೂಟಕ್ಕೆ ಹಾಕಿದರು. ನಾನು ಸೆರಗು ಸಿಗಿಸಿಕೊಂಡು ಎದ್ದೆ.

"ಎಲ್ಲಿಗೆ?"

"ಅಂಗಡಿಗೆ. ನೀವು ತರದಿದ್ರ ನಾನ ಹೋಗಿ ಗಂಡಸರ ಸಾಲಿನ್ಯಾಗ ನಿಂದರ್ತೀನಿ."

ಅವರು ನನ್ನ ಮುಖ ನೋಡಿದರು. ಇವಳು ನಿಂದರುವವಳೇ ಅಂತ ಗೊತ್ತಾಯಿತು. ತಾವೇ ಚಪ್ಪಲಿ ಮೆಟ್ಟಿ ಹೊರಟರು.

ಹೀಗೆ ದಾರು ಅಂಗಡಿಯ ಸಾಲಿನಲ್ಲಿ ನಿಂತದ್ದು ಅವರು. ಮಂದಿ ನೋಡಿದ್ದು ಅವರನ್ನು. ವಾಡೆಯಲ್ಲಿ ಮೊದಲು ಪಿಸಿಪಿಸಿ ಆಯಿತು, ಆಮೇಲೆ ಬಾಯಿಬಿಟ್ಟೇ ಶುರುವಾಯಿತು. ಕುಡುಕನಿಗೆ ಮರಾಠಿಯಲ್ಲಿ ಬೇವಡಾ ಅನ್ನುತ್ತಾರೆ. ಹುಡುಗರು ಜಿನೆಯ ಮೆಟ್ಟಿಲ ಮೇಲೆ ಕೂತು ಅವರು ಬಂದರೆ "ಬೇವಡಾ ಆಲಾ", ಕುಡುಕ ಬಂದ ಅಂತ ಚಪ್ಪಾಳೆ ಹೊಡೆಯುತ್ತಿದ್ದರು. ನಳದ ಹತ್ತಿರ ಹೆಂಗಸರು ನನಗೆ ಮೊದಲು ಕೊಡ ತುಂಬಲಿಕ್ಕೆ ಬಿಡುತ್ತಿದ್ದರು. ಪಾಪ, ಗಂಡ ಹಂಗಿದಾನ ಅಂತ. ನಾನು ತುಂಬಿಕೊಂಡು ಬರುತ್ತಿದ್ದೆ.

ಅವರಿಗೆ ಇದ್ದ ಒಂದೇ ಚಟ ಭಜನೆ. ನಮ್ಮ ಕನ್ನಡ ಮಂದಿಯ ಭಜನಾ ಮಂಡಳಿಯಲ್ಲಿ ಏಕತಾರಿ ಹಿಡಿದು ಮೊದಲ ನುಡಿ ಎತ್ತುವವರು ಅವರೇ. ದನಿ ದೊಡ್ಡದಲ್ಲ, ಶ್ರುತಿ ಬಿಡುವವರಲ್ಲ. ಒಂದು ಏಕಾದಶಿಗೆ ಬೇಗ ಮನೆಗೆ ಬಂದರು. ಏನಾಯಿತು ಅಂದೆ. "ಕುಡುಕನ ಕೈಯಾಗ ಏಕತಾರಿ ಬ್ಯಾಡ ಅಂದ್ರು" ಅಂತ ಹೇಳಿ ಟೊಪ್ಪಿಗೆ ತೆಗೆದು ಇಟ್ಟರು. ಆ ದಿನವೂ ಚೀಲದಲ್ಲಿ ಔಷಧ ತಂದಿದ್ದರು. ನಾನು ಕುಡಿದೆ. ಇದನ್ನು ಕೇಳಿ ಕೆಲವರು "ಆಗ ನಿಮಗ ಏನೂ ಅನಿಸಲಿಲ್ಲೇನ್ರೀ?" ಅನ್ನುತ್ತಾರೆ. ಕುಡಿಯುವವಳಿಗೆ ಅನಿಸುವುದು ಒಂದೇ, ಬಾಟಲಿಯಲ್ಲಿ ಎಷ್ಟು ಉಳಿದಿದೆ ಅಂತ. ಅದು ರೋಗ. ನಾನು ಅದಕ್ಕೆ ಅಳುವುದಿಲ್ಲ. ಸಕ್ಕರೆ ರೋಗದವರು ಸಕ್ಕರೆ ತಿಂದೆ ಅಂತ ಸಭೆಯಲ್ಲಿ ನಿಂತು ಅಳುತ್ತಾರೇನು?

ಬಿಟ್ಟದ್ದು ಹೇಗೆ ಅಂದರೆ, ಒಂದು ಮಧ್ಯಾಹ್ನ ನಳದ ಕಟ್ಟೆಯ ಮೇಲೆ ಬಿದ್ದೆ. ಹಣೆ ಒಡೆಯಿತು. ಯಜಮಾನರು ರಿಕ್ಷಾದಲ್ಲಿ ದವಾಖಾನೆಗೆ ಒಯ್ದರು. ಡಾಕ್ಟರು ತರುಣ, ಮರಾಠಿಯವನು. ಖೋಲಿಯೆಲ್ಲ ದಾರು ನಾತ. ಅವನು ನನ್ನ ಹಣೆ ನೋಡಿದ, ಯಜಮಾನರನ್ನು ನೋಡಿದ, ಸೀದಾ ಕೇಳಿದ: "ಕುಡಿದು ಹೊಡೆದೆಯಾ?"

ಯಜಮಾನರು ನೆಲ ನೋಡುತ್ತ "ಹೋ" ಅಂದರು. ಹೌದು ಅಂತ.

ಆ ಒಂದು ಅಕ್ಷರಕ್ಕೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮರುಕ ಅಲ್ಲ, ಸಿಟ್ಟು. ನನ್ನ ಹಣೆ ನಾನು ಒಡೆದುಕೊಂಡದ್ದು. ಇವರು ಯಾರು ಅದನ್ನೂ ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳಲಿಕ್ಕೆ? ಹೊಲಿಗೆ ಹಾಕುತ್ತಿದ್ದಾಗ ನಾನು ಬಾಯಿ ತೆರೆದೆ, ಡಾಕ್ಟರು "ಅಲುಗಾಡಬೇಡಿ ತಾಯಿ" ಅಂದ. ಹೊಲಿಗೆ ಮುಗಿಸಿ ಅವರಿಗೆ ಬೈದ, ಕುಡಿತ ಬಿಟ್ಟವರ ಕೂಟ ಒಂದು ಇದೆ, ಸಾಲೆಯ ಹಿಂದೆ ಸೇರುತ್ತಾರೆ, ಇವತ್ತೇ ಹೋಗು ಅಂದ.

ಹೋದೆವು. ಇಬ್ಬರೂ ಹೋದೆವು. ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕರು ಯಜಮಾನರ ಹೆಗಲ ಮೇಲೆ ಕೈ ಹಾಕಿ "ಬಾ ಭಾವು, ಧೈರ್ಯ ಮಾಡಿ ಬಂದೆ, ಅದೇ ದೊಡ್ಡದು" ಅಂತ ಎಡಗಡೆ ಖೋಲಿಗೆ ಕರೆದುಕೊಂಡು ಹೋದರು. ನನಗೆ, ಅತ್ತಿಗೆ ಅನ್ನುವ ಹಾಗೆ, "ವಹಿನಿ, ನಿಮ್ಮ ಖೋಲಿ ಬಲಗಡೆ" ಅಂದರು. ಎಡಕ್ಕೆ ಕುಡುಕರು. ಬಲಕ್ಕೆ ಕುಡುಕರ ಹೆಂಡಿರು. ಯಾರೂ ಏನೂ ಕೇಳಲಿಲ್ಲ. ಕೇಳುವ ಮಾತೇ ಇರಲಿಲ್ಲ, ಸೀರೆ ಉಟ್ಟವರು ಬಲಕ್ಕೆ, ಅಷ್ಟೇ.

ನಗಬೇಡಿರಿ. ಹೀಗೆ ಭಾಳ ವಾರ ನಡೆಯಿತು. ನಾನು ಬಲಗಡೆ ಕೂತು ಊರ ಗಂಡಸರ ಕುಡಿತದ ಕಥೆ ಕೇಳುತ್ತಿದ್ದೆ. ಕೇಳುತ್ತ ಕೇಳುತ್ತ ಅವರ ಗಂಡಂದಿರು ಮಾಡುವುದೆಲ್ಲ ನಾನೂ ಮಾಡಿದ್ದೆ ಅಂತ ತಿಳಿಯಿತು. ಬಾಟಲಿ ಹಿಟ್ಟಿನ ಡಬ್ಬಿಯಲ್ಲಿ ಇಡುವುದು, ಬಾಯಿ ನಾತ ಹೋಗಲಿ ಅಂತ ಓಮಿನಕಾಳು ಜಗಿಯುವುದು, ನಾಳೆ ಬಿಡುತ್ತೇನೆ ಅನ್ನುವುದು. ಅದನ್ನು ಕೇಳಿಯೇ ನಾನು ಮನೆಯಲ್ಲಿ ಬಾಟಲಿ ಮೋರಿಗೆ ಸುರಿದೆ. ಕೈ ನಡುಗಿ ರೊಟ್ಟಿ ಬಡಿಯಲಿಕ್ಕೆ ಬರಲಿಲ್ಲ. ಹಿಟ್ಟು ನಾದಿ ನಾದಿ ಇಟ್ಟು ಯಜಮಾನರ ಕೈಲಿ ಬಡಿಯಿಸಿದೆ. ಖಾನಾವಳಿಯವನು "ಇವು ರೊಟ್ಟಿಯೋ ಚಪ್ಪಲಿಯೋ?" ಅಂದ.

ಆದರೂ ಬಲಗಡೆ ಖೋಲಿಯಲ್ಲಿ ನನ್ನ ಸರದಿ ಬಂದರೆ ಪೇಚಾಟ.

"ನಿಮ್ಮವರು ಈಗ ಹ್ಯಾಂಗಿದಾರ ವಹಿನಿ?"

"ನಮ್ಮವರು ಕುಡಿಯೂದ ಇಲ್ಲರಿ." ಮುಂದಿನ ಮಾತು, ಕುಡಿದವಳು ನಾನು ಅನ್ನುವುದು, ಇನ್ನೂ ಬಾಯಿಗೆ ಬರುತ್ತಿರಲಿಲ್ಲ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಬ್ಬಳು ನನ್ನ ಕೈ ಹಿಡಿದು, "ಮುಚ್ಚಿಡಬ್ಯಾಡ್ರಿ. ನಾನೂ ಮೊದಲ ವರ್ಷ ಹೀಂಗ ಅಂತಿದ್ದೆ" ಅಂದಳು. ಅತ್ತ ಎಡಗಡೆ ಖೋಲಿಯಲ್ಲಿ ಯಜಮಾನರದ್ದು ಇನ್ನೂ ಮಜಾ. ಸುಳ್ಳು ಹೇಳುವವರಲ್ಲ, ನನ್ನ ಹೆಸರು ಹೇಳುವವರೂ ಅಲ್ಲ. ಸುಮ್ಮನೆ ಕೂತಿರುತ್ತಿದ್ದರು. ಅಲ್ಲಿಯ ಹಳಬರು "ಇವನಿಗೆ ಟೈಮ್ ಬೇಕು, ಇನ್ನೂ ಒಪ್ಪಿಕೊಳ್ಳವಲ್ಲ" ಅಂತ ತೀರ್ಮಾನ ಮಾಡಿದ್ದರು.

ಒಂದು ದಿನ ನಾನು ಎದ್ದೆ, ಪಡಸಾಲೆ ದಾಟಿದೆ, ಎಡಗಡೆ ಖೋಲಿಗೆ ಹೋಗಿ ನಿಂತೆ. ಅಲ್ಲಿ ಎದ್ದು ನಿಂತವರು ತಮ್ಮ ಹೆಸರು ಹೇಳಿ "ನಾನು ಬೇವಡಾ" ಅನ್ನುವುದು ರೂಢಿ. ನಾನೂ ಹೆಸರು ಹೇಳಿದೆ, "ಮೀ ಬೇವಡಾ" ಅಂದೆ. ಗಂಡಸಿಗೆ ಹೇಳುವ ಶಬ್ದ, ನನಗೆ ಬಂದದ್ದು ಅದೊಂದೇ. ಖೋಲಿಯಲ್ಲಿ ನಗೆ ಎದ್ದಿತು. ಹಿಂದಿನಿಂದ ಯಾರೋ ತಿದ್ದಿದ: "ಬೇವಡಿ." ಮುದುಕರು ಅವನಿಗೆ "ಏ, ಹೆಂಗಸರಿಗೆ ಹಂಗ ಅನಬಾರದು" ಅಂತ ಗದರಿದರು.

"ಯಾಕ ಅನಬಾರದು?" ಅಂದೆ ನಾನು. "ನೀವು ಅಂದ್ರ ಒಪ್ಪಿಕೊಂಡಂಗ, ನಾ ಅಂದ್ರ ಬೈಗಳೇನು?"

ಯಜಮಾನರು ಮೂಲೆಯಲ್ಲಿ ಕೂತಿದ್ದರು. ಎದ್ದು, ತಮ್ಮ ಕುರ್ಚಿ ನನ್ನ ಕಡೆ ನೂಕಿ, ತಾವು ಬಲಗಡೆ ಖೋಲಿಗೆ ಹೋದರು. ಅಲ್ಲಿ ಅಷ್ಟು ಹೆಂಗಸರ ನಡುವೆ ಅವರೊಬ್ಬರೇ ಗಂಡಸು. ಮುಂದೆ ವರ್ಷಗಟ್ಟಲೆ ಹಾಗೇ ಕೂತರು.

ಆದರೆ ಇದೆಲ್ಲ ಆ ನಾಲ್ಕು ಗೋಡೆಗಳ ಒಳಗಿನ ಮಾತು. ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಡಬೇಕು ಅನ್ನುವುದು ಆ ಕೂಟದ ಕಟ್ಟು, ಅವರು ಚೊಲೋ ಮಂದಿ, ಅಲ್ಲೇ ಬಿಟ್ಟರು. ಹೊರಗೆ ವಾಡೆಯಲ್ಲಿ ಏನಾಯಿತು ಅಂದರೆ, ಯಜಮಾನರು ಈಗ ದಾರು ಅಂಗಡಿಗೆ ಹೋಗುತ್ತಿಲ್ಲ, ಕೂಟಕ್ಕೆ ಹೋಗುತ್ತಾರೆ ಅಂತ ಮಂದಿ ನೋಡಿದರು. ನೋಡಿ ಒಂದು ಕಥೆ ಕಟ್ಟಿದರು. ಹೆಂಡತಿ ಗಂಡನ ಕುಡಿತ ಬಿಡಿಸಿದಳು! ನಾನು ಪತಿವ್ರತೆ ಆದೆ. ನಳದ ಹತ್ತಿರ ಹೊಸ ಮದುವಣಗಿತ್ತಿಯರಿಗೆ ನನ್ನನ್ನು ತೋರಿಸಲಿಕ್ಕೆ ಶುರು ಮಾಡಿದರು.

ಸಂಕ್ರಾಂತಿ ಹತ್ತಿರ ಬಂತು. ನಮ್ಮ ಕನ್ನಡ ಮಹಿಳಾ ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಬ್ಯಾಂಕಿನ ಮ್ಯಾನೇಜರರ ಹೆಂಡತಿ, ಧಾರವಾಡದ ಶುದ್ಧ ಮಾತು. "ಈ ಸಲ ಅರಿಶಿನ ಕುಂಕುಮಕ್ಕ ನಿಮ್ಮದ ಭಾಷಣರಿ. ಗಂಡನ ಕುಡಿತ ಬಿಡಿಸಿದ ಧೀರ ಮಹಿಳೆ ಅಂತ ಸತ್ಕಾರ ಮಾಡೋರದೀವಿ" ಅಂದರು. ನಾನು ಬರುತ್ತೇನೆ ಅಂದೆ.

ಅವರು ಹೋದ ಮೇಲೆ ಯಜಮಾನರು ಕೇಳಿದರು, "ಏನ್ ಹೇಳಾಕಿ ಅಲ್ಲಿ?"

"ಇದ್ದದ್ದು."

"ಬ್ಯಾಡ."

"ಯಾಕ ಬ್ಯಾಡ? ನಿಮ್ಮ ಹೆಸರು ನಿಮಗ ಬರ್ತದ. ಏಕತಾರಿ ಕೊಡ್ತಾರ."

"ನನಗ ಏಕತಾರಿ ಬ್ಯಾಡ. ನನ್ನ ಕುಡುಕ ಅಂದ್ರ ನಿನಗ ಪಾಪ ಅಂತಾರ, ನಳದಾಗ ಮೊದಲ ನೀರು ಬಿಡ್ತಾರ. ನಿನ್ನ ಅಂದ್ರ ಬಾಗಿಲ ಮುಂದ ಉಗುಳತಾರ. ನಾ ರೂಢಿ ಆಗೇನಿ. ಇರ್ಲಿ ಬಿಡು, ನನ್ನ ಹತ್ರನ ಇರ್ಲಿ."

"ನಿಮ್ಮದಲ್ಲದ್ದು ನಿಮ್ಮ ಹತ್ರ ಯಾಕಿರ್ಬೇಕು?" ಅಂದೆ. ಅವರು ಗೋಡೆ ಕಡೆ ಮುಖ ಮಾಡಿ ಮಲಗಿದರು. ಅವರು ಹೇಳಿದ್ದು ಸುಳ್ಳಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಹಬ್ಬದ ದಿನ ಸಭಾಗೃಹ ತುಂಬಿತ್ತು. ಇಳಕಲ್ಲು ಸೀರೆ, ಕುಸುರೆಳ್ಳಿನ ತಟ್ಟೆ, ಗುಲಾಬಿ ನೀರು. ನನಗೆ ಶಾಲು ಹೊದಿಸಿದರು. ಕಾರ್ಯದರ್ಶಿ ಮೈಕಿನಲ್ಲಿ ನನ್ನ ಗಂಡನ ಕುಡಿತವನ್ನು ಇಷ್ಟುದ್ದ ವರ್ಣಿಸಿದರು. ಅವರು ಬೀದಿಯಲ್ಲಿ ಬಿದ್ದಿದ್ದರಂತೆ, ನಾನು ಎತ್ತಿ ತಂದೆನಂತೆ. ನನಗೇ ಗೊತ್ತಿರಲಿಲ್ಲ. ಆಮೇಲೆ ಮೈಕು ನನ್ನ ಕೈಗೆ ಬಂತು.

ನಾನು ಹೇಳಿದೆ: "ನಮ್ಮ ಯಜಮಾನ್ರು ಎಂದೂ ಕುಡಿದಿಲ್ಲ. ಕುಡುಕಿ ನಾನು. ಬಾಣಂತಿ ಔಷಧ ಅಂತ ಶುರುವಾತು, ಔಷಧ ಅಂತನ ಬಾಟ್ಲಿ ಖಾಲಿ ಮಾಡಿದೆ. ಅವರು ಅಂಗಡಿಗೆ ಹೋಗಿದ್ದು ನನ್ನ ಸಲುವಾಗಿ. ನೀವು ಅವರಿಗೆ ಇಟ್ಟ ಹೆಸರು ನಂದು. ನನಗ ಕೊಡ್ರಿ."

ಮೊದಲು ಕೆಲವರು ನಕ್ಕರು, ಮಾತು ತಪ್ಪಿದೆ ಅಂತ. ಆಮೇಲೆ ಕಾರ್ಯದರ್ಶಿ "ಮೈಕ್ ಬಂದ್ ಮಾಡ್ರಿ" ಅಂತ ಸನ್ನೆ ಮಾಡಿದರು. ಬಂದ್ ಆಯಿತು. ರೊಟ್ಟಿ ಬಡಿಯುವ ಸಪ್ಪಳದ ಮೇಲೆ ಮಾತಾಡಿ ರೂಢಿ ಇದ್ದವಳಿಗೆ ಮೈಕು ಯಾಕೆ ಬೇಕು? "ನಿಮ್ಮ ಮನ್ಯಾಗೂ ಔಷಧ ಇರಬಹುದು. ಕೆಮ್ಮಿನ ಔಷಧ, ನಿದ್ದಿ ಔಷಧ, ಶಕ್ತಿ ಬರೂ ಟಾನಿಕ್ಕು. ಯಾರ ಮನ್ಯಾಗ ಬಾಟ್ಲಿ ಲಗೂ ಲಗೂ ತೀರ್ತದೋ ಅವರು ನನ್ನ ಕಡೆ ಬರ್ರಿ. ಮಧ್ಯಾಹ್ನ ನಾ ರೊಟ್ಟಿ ಮಾಡ್ತಿರ್ತೀನಿ."

ಮುಂದಿನ ಸಾಲಿನಿಂದ ಒಬ್ಬಾಕೆ ಎದ್ದು ನಿಂತಳು. "ನಾಚಿಕಿ ಇಲ್ಲೇನ ನಿನಗ?"

"ಕುಡಿಯೂ ಮುಂದ ಇತ್ತರೀ. ಅದಕ್ಕ ಒಳಗ ಕುಂತು ಕುಡೀತಿದ್ದೆ. ಬಿಟ್ಟ ಮ್ಯಾಲೆ ಯಾತರ ನಾಚಿಕಿ?"

ಕುಂಕುಮದ ತಟ್ಟೆ ಹಿಡಿದ ಹುಡುಗಿ ಸಾಲಿನಲ್ಲಿ ಬರುತ್ತಿದ್ದಳು. ನನ್ನ ಮುಂದೆ ಬಂದಾಗ ಕಾರ್ಯದರ್ಶಿಯ ಕಡೆ ನೋಡಿದಳು, ನನ್ನನ್ನು ಬಿಟ್ಟು ಮುಂದಿನವರ ಹತ್ತಿರ ಹೊರಟಳು. ನಾನು ಅವಳ ತಟ್ಟೆ ಹಿಡಿದು ನಿಲ್ಲಿಸಿದೆ. ನನ್ನ ಕೈಯಿಂದಲೇ ಅರಿಶಿನ ಹಚ್ಚಿಕೊಂಡೆ, ಕುಂಕುಮ ಹಚ್ಚಿಕೊಂಡೆ, ಎಳ್ಳು ಬಾಯಿಗೆ ಹಾಕಿಕೊಂಡೆ. ಶಾಲು ಮಡಚಿ ಕುರ್ಚಿಯ ಮೇಲೆ ಇಟ್ಟು ಬಂದೆ. ಅದು ಪತಿವ್ರತೆಗೆ ಕೊಟ್ಟದ್ದು, ನನ್ನದಲ್ಲ.

ಯಜಮಾನರು ಹೇಳಿದ್ದೆಲ್ಲ ಆಯಿತು. ಬಾಗಿಲ ಮುಂದೆ ಉಗುಳಿದರು. ನಳದಲ್ಲಿ ನನ್ನ ಕೊಡ ಕಡೆಗೆ ಹೋಯಿತು. ಖಾನಾವಳಿಯವನು ರೊಟ್ಟಿ ಬಂದ್ ಮಾಡಿದ. ಮಗಳು ಸಾಲೆಯಿಂದ ಬಂದು ಪಾಟಿಚೀಲ ಇಳಿಸದೇ ಕೇಳಿದಳು:

"ಅವ್ವಾ, ನೀ ಕುಡುಕಿ ಅಂತ?"

"ಹೌದು."

"ಅಪ್ಪ ಅಲ್ಲ?"

"ಅಲ್ಲ."

"ಹಂಗಾರ ಇಷ್ಟ ದಿನ ಅಪ್ಪಗ ಯಾಕ ಅಂತಿದ್ರು?"

"ಮಂದಿಗೆ ಕಣ್ಣಿಲ್ಲ, ಅದಕ್ಕ. ಕೈಕಾಲು ತೊಳಕೋ ಹೋಗು."

ಇದನ್ನೆಲ್ಲ ನಾನು ತಡೆದುಕೊಂಡೆ. ತಡೆದುಕೊಳ್ಳಲಿಕ್ಕೆ ಆಗದ್ದು ಒಂದು. ಏಕತಾರಿ ಬರಲಿಲ್ಲ. ಮಂಡಳಿಯ ಇಬ್ಬರು ಹಿರಿಯರು ಬಂದು ಚಹಾ ಕುಡಿದು ಯಜಮಾನರಿಗೆ ಹೇಳಿದರು, "ನೀ ಕುಡುಕ ಅಲ್ಲ, ಖರೇ ಅದ. ಆದ್ರ ಕೈಯಾರೆ ಹೆಂಡ್ತಿಗೆ ತಂದು ಕುಡಿಸಿದಿ. ಅದು ಇನ್ನೂ ಕೆಟ್ಟದ್ದು." ವಾಡೆಯ ಹುಡುಗರು ಹೊಸ ಹೆಸರು ಇಟ್ಟರು, ಕುಡುಕಿ ಗಂಡ. ಯಜಮಾನರು ನನ್ನ ಜೊತೆ ಭಾಳ ದಿನ ಮಾತು ಬಿಟ್ಟರು. ಕಡೆಗೆ ಆಡಿದ್ದು ಒಂದೇ ಮಾತು: "ಮೊದಲಿನ ಹೆಸರ ಚೊಲೋ ಇತ್ತು." ಕೂಟದಲ್ಲಿ ಬಲಗಡೆ ಕೂರುವುದು ಬಿಡಲಿಲ್ಲ. ಆದರೆ ಕುಡುಕಿ ಅನ್ನುವ ಶಬ್ದ ಮಾತ್ರ ಅವರ ಬಾಯಿಂದ ಬರಲಿಲ್ಲ. ಯಾರಾದರೂ ಅಂದರೆ ಎದ್ದು ಹೋಗುತ್ತಿದ್ದರು.

ಹೆಂಗಸರು ಬಂದರು. ಕೂಡಲೇ ಅಲ್ಲ. ಮೊದಲು ಬಂದವಳು ಯಾರು ಅಂತ ಹೇಳಿದರೆ ನೀವು ನಂಬುವುದಿಲ್ಲ, ಅದಕ್ಕೆ ಹೇಳುವುದಿಲ್ಲ. ಸಂಜೆ ಕೂಟಕ್ಕೆ ಬರಲಿಕ್ಕೆ ಅವರಿಗೆ ಆಗುತ್ತಿರಲಿಲ್ಲ, ಮನೆಯವರಿಗೆ ಏನು ಹೇಳಿ ಬರುವುದು? ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ "ರೊಟ್ಟಿ ತರ್ತೀನಿ" ಅಂತ ಬರುತ್ತಿದ್ದರು. ನಾನು ಬಡಿಯುತ್ತಿದ್ದೆ, ಅವರು ಮಾತಾಡುತ್ತಿದ್ದರು. ಸಪ್ಪಳದಲ್ಲಿ ಪಕ್ಕದ ಮನೆಗೆ ಕೇಳುತ್ತಿರಲಿಲ್ಲ. ಹೋಗುವಾಗ ಕೈಯಲ್ಲಿ ರೊಟ್ಟಿ, ಮನೆಯವರಿಗೆ ತೋರಿಸಲಿಕ್ಕೆ. ಅವರಿಗೆ ಮರೆ ಬೇಕಿತ್ತು, ಕೊಟ್ಟೆ. ನನಗೆ ಬೇಡವಾಗಿತ್ತು, ಇಟ್ಟುಕೊಳ್ಳಲಿಲ್ಲ.

ಆಮೇಲೆ ಸಂಸ್ಥೆಗಳವರು ಕರೆಯಲಿಕ್ಕೆ ಶುರು ಮಾಡಿದರು. ಸಾಲೆ, ಕಾರಖಾನೆ, ಪೊಲೀಸರ ಮನೆಗಳ ಬಡಾವಣೆ. ಮರಾಠಿಯೋ ಕನ್ನಡವೋ, ನನ್ನ ಮಾತು ಅದೇ. ಬಾರಾಮತಿ ಕಡೆ ಒಂದು ಸಕ್ಕರೆ ಕಾರಖಾನೆಯಲ್ಲಿ ಸಾಹೇಬರು ನನ್ನನ್ನು "ಕುಡುಕನ ಪತ್ನಿ" ಅಂತ ಪರಿಚಯ ಮಾಡಿದರು. ಅಲ್ಲ ಸಾಹೇಬರ, ಕುಡುಕಿ ನಾನೇ ಅಂದೆ. ತಪ್ಪು ತಿಳಿದಿದ್ದೀರಿ, ಗಂಡನ ಹೆಸರು ಬಿಡಿರಿ ಅಂದೆ. ಅವರು ಕೆಮ್ಮಿ ಕೂತರು. ಕಬ್ಬು ಕಡಿಯುವ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಕ್ಕವರೇ ಆಮೇಲೆ ಎತ್ತಿನಗಾಡಿಯ ಹಿಂದೆ ಕರೆದು ಮಾತಾಡಿದರು.

ಎಲ್ಲ ಕಡೆ ಬಸ್ಸಿನಲ್ಲಿ ಯಜಮಾನರು ಜೊತೆಗೆ ಬರುತ್ತಿದ್ದರು. ಸಭೆಯ ಒಳಗೆ ಬರುತ್ತಿರಲಿಲ್ಲ. ಹೊರಗೆ ಗಿಡದ ಕೆಳಗೆ ಕೂತು ನನ್ನ ಚಪ್ಪಲಿ ಕಾಯುತ್ತಿದ್ದರು.

ವರ್ಷಗಳು ಹೋದವು. ಮಗಳ ಮದುವೆ ಆಯಿತು. ಕುಡುಕಿ ಮಗಳು ಅಂತ ಗೊತ್ತಿದ್ದೇ ಮಾಡಿಕೊಂಡರು, ನಾನೇ ಮೊದಲು ಹೇಳಿದ್ದೆ. ಊರ ಅಂಚಿನ ಮಗರಪಟ್ಟಾದಲ್ಲಿ ಹೊಲ ಹೋಗಿ ಗೋಪುರದಂಥ ಮನೆಗಳು ಎದ್ದವು. ಯಜಮಾನರು ಕೆಲಸ ಬಿಟ್ಟರು, ದಿನವೆಲ್ಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಂದು ಮಧ್ಯಾಹ್ನ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ರಿಕ್ಷಾ ನಿಂತ ಸದ್ದಾಯಿತು. ಒಂದು ಹೆಣ್ಣುದನಿ, ಬೆಂಗಳೂರು ಕನ್ನಡ.

"ಅಂಕಲ್, ಇಲ್ಲಿ ಒಬ್ರು ಲೇಡಿ ಇದಾರಂತೆ... ಮಗರಪಟ್ಟಾದಿಂದ ಬಂದೆ. ಅಡ್ರೆಸ್ ಕರೆಕ್ಟಾಗಿ ಗೊತ್ತಿಲ್ಲ. ರೊಟ್ಟಿ ಮಾಡ್ತಾರಂತೆ..."

ನಾನು ಕೈ ನಿಲ್ಲಿಸಿದೆ.

"ರೊಟ್ಟಿಗೆ ಬಂದೀರೇನು ತಂಗಿ?" ಅಂದರು ಯಜಮಾನರು.

ಆಕೆ ರಿಕ್ಷಾ ಕಡೆ ಒಂದು ಹೆಜ್ಜೆ ಇಟ್ಟ ಸಪ್ಪಳ ಕೇಳಿತು. ವಾಪಸು ಹೋಗುವವರ ಹೆಜ್ಜೆ ಹಾಗೇ, ನನಗೆ ಆ ಸಪ್ಪಳ ಗೊತ್ತು. ರಿಕ್ಷಾದವನು "ಥಾಂಬೂ ಕಾ?" ಅಂದ, ನಿಂದರಲೋ ಅಂತ. ನಾನು ಎದ್ದು ಹೋಗಬೇಕು ಅಂದುಕೊಂಡೆ, ಕೈತುಂಬ ಹಿಟ್ಟು.

ಅಷ್ಟರಲ್ಲಿ ಯಜಮಾನರು ಕುರ್ಚಿಯಿಂದ ಎದ್ದ ಸದ್ದಾಯಿತು. ಏಕಾದಶಿಗೆ ಮೊದಲ ನುಡಿ ಎತ್ತುವಾಗ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರಲ್ಲ, ಹಾಗೆ ಮಾಡಿಕೊಂಡರು. ವಾಡೆಗೆಲ್ಲ ಕೇಳುವ ಹಾಗೆ ಅಂದರು:

"ಕುಡುಕಿ ಮನಿ ಇದ ನೋಡ್ರಿ. ನಾ ಕುಡುಕಿ ಗಂಡ. ರಿಕ್ಷಾ ಕಳಸ್ರಿ, ಚಪ್ಪಲಿ ಇಲ್ಲೇ ಬಿಡ್ರಿ, ನಾ ನೋಡ್ಕೋತೀನಿ."

ಹಂಚಿನ ಮೇಲಿನ ರೊಟ್ಟಿ ಹತ್ತಿ ಹೊಗೆ ಬಂತು. ನಾನು ತಿರುವಿ ಹಾಕಲಿಲ್ಲ. ಆಕೆ ಒಳಗೆ ಬಂದಳು.